ಪಕ್ಕೆಲುಬಿನ ಮರೆಯಲ್ಲಿದ್ದದ್ದು

ಮಾರ್ಚ್ 4, ಬುಧವಾರ

ಖಾಲಿ ಹೊಟ್ಟೆಯಲ್ಲಿ ಯಜಮಾನರೊಡನೆ ಆಸ್ಪತ್ರೆಗೆ. ಹಳೆಯ ಕಾಮಾಲೆ ಅವರ ಯಕೃತ್ತನ್ನು ಗಂಟುಗಂಟಾಗಿಸಿದೆ. ಅಂಥ ಕಡೆ ಕ್ಯಾನ್ಸರ್ ಸದ್ದಿಲ್ಲದೆ ಹುಟ್ಟೀತೆಂದು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್. ಸ್ಕ್ಯಾನಿಂಗ್ ಡಾಕ್ಟರ್ ನಮ್ಮ ಸೊಸೆಯೇ. ಪ್ರತಿ ಸಲ "ಏನಿಲ್ಲ" ಎನ್ನುತ್ತಿದ್ದಳು. ಇಂದು ಹಾಗೆನ್ನಲಿಲ್ಲ.

"ಮೇಲ್ಭಾಗ ಪಕ್ಕೆಲುಬಿನ ಹಿಂದೆ ಅಡಗಿದೆ ಮಾವ. ಉಸಿರು ಎಳೆದು ಹಿಡಿದ್ರೆ ಕೆಳಗಿಳಿಯುತ್ತೆ. ನೀವೋ, ಅರ್ಧಕ್ಕೇ ನಗ್ತೀರಿ."

"ಕಚಗುಳಿ ಆಗುತ್ತಮ್ಮ! ಕಂಡಷ್ಟು ಚೆನ್ನಾಗಿದೆ ತಾನೇ? ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡು."

"ಅತ್ತೆ ಎದುರಿಗೇ ಗ್ರೇಸ್ ಮಾರ್ಕ್ಸಾ? ಮುಂದಿನ ಬುಧವಾರ ಮತ್ತೆ ಬನ್ನಿ."

ಟೀಚರಾಗಿದ್ದ ನನಗೆ ಇದೇ ಸರಿಯಾದ ಉತ್ತರ.

ಮಾರ್ಚ್ 6

ಅಭ್ಯಾಸ ಆರಂಭ. ಎಡಮಗ್ಗುಲಿಗೆ ಮಲಗಿಸಿ, ಬಲಗೈಯನ್ನು ತಲೆಯ ಮೇಲಿರಿಸಿ, ಉಸಿರು ಹಿಡಿಸಿದೆ. ನಕ್ಕರೆ ಮೊದಲಿನಿಂದ.

"ಟೀಚರಮ್ಮ, ನಿನ್ನ ಕ್ಲಾಸಿನ ಮಕ್ಕಳು ಹೇಗೆ ಬದುಕಿ ಉಳಿದ್ರೋ!"

"ಬಾಯಿ ಮುಚ್ಚಿಕೊಂಡು ಉಳಿದ್ರು ರೀ. ಹೂಂ, ಎಳೀರಿ."

ಮಾರ್ಚ್ 10

ಹಠ. "ನಾಳೆ ಬರಲ್ಲ." ಕಾರಣ ಕೇಳಿದೆ. "ಏನಾದ್ರೂ ಕಂಡುಬಿಟ್ರೆ?" ಎಂದರು. ಇದೇ ರೋಗ ಅವರ ಅಣ್ಣನನ್ನು ಕೊಂಡೊಯ್ದಿತ್ತು... ಗೊತ್ತಾಗುವಷ್ಟರಲ್ಲಿ ಕೈ ಮೀರಿತ್ತು.

"ಕಣ್ಣು ಮುಚ್ಚಿಕೊಂಡ್ರೆ ಹಾವು ಹೊರಟುಹೋಗುತ್ತಾ ರೀ?"

ರಾತ್ರಿ ಮಲಗುವ ಮೊದಲು ತಾವಾಗಿಯೇ ಎಡಮಗ್ಗುಲಾಗಿ ಉಸಿರು ಹಿಡಿದರು. ನೋಡಿಯೂ ನೋಡದಂತಿದ್ದೆ.

ಮಾರ್ಚ್ 11, ಮಧ್ಯಾಹ್ನ

"ಅತ್ತೆ, ನೀವೇ ಹೇಳಿ. ನನ್ನ ಮಾತಿಗೆ ನಗ್ತಾರೆ," ಎಂದಳು ಸೊಸೆ.

"ಎಳೀರಿ. ಹಿಡೀರಿ."

ಹಿಡಿದರು. ಗಲ್ಲ ಅಲುಗಲಿಲ್ಲ. ಪರದೆಯ ಮೇಲೆ ಬೂದುಬಣ್ಣದ ಗುಡ್ಡವೊಂದು ಮೆಲ್ಲನೆ ಕೆಳಗಿಳಿಯಿತು. ಅದರ ನೆತ್ತಿಯ ಬಳಿ — ಕಪ್ಪಗೆ, ದುಂಡಗೆ, ಅಂಗಿಯ ಗುಂಡಿಯಷ್ಟು. ಸೊಸೆಯ ಕೈ ನಿಂತಿತು.

"ಅದೇನಾ?" ಯಜಮಾನರೇ ಕೇಳಿದರು.

"ಇದೊಂದೇ ನೋಡಿ ಹೇಳೋಕಾಗಲ್ಲ ಮಾವ. ಅನುಮಾನ ಇದೆ. ಸಿಟಿ ಸ್ಕ್ಯಾನ್ ಆಗ್ಲಿ."

ಸುಳ್ಳು ಸಮಾಧಾನವಿಲ್ಲ, ಸುಮ್ಮನೆ ಹೆದರಿಸುವುದೂ ಇಲ್ಲ. ಗುಡ್ಡೆಗಟ್ಟಲೆ ಹೊಗಳಿಕೆ ನನ್ನ ಸ್ವಭಾವವಲ್ಲ. ಇವಳು ನಮ್ಮ ಮನೆಗೆ ಬಂದದ್ದು ನಮ್ಮ ಪುಣ್ಯ.

ಮಾರ್ಚ್ 17

ಅದೇ. ಕ್ಯಾನ್ಸರ್. ಆದರೆ ಒಂದೇ, ಚಿಕ್ಕದು. ಸೂಜಿ ಚುಚ್ಚಿ ಸುಟ್ಟುಬಿಡಬಹುದಂತೆ.

"ಈ ಮೂಲೇಲಿ ಇರೋದನ್ನ ಹೇಗಮ್ಮ ಹಿಡಿದೆ?" ಹಿರಿಯ ಡಾಕ್ಟರು ಸೊಸೆಯನ್ನು ಕೇಳಿದರು.

"ಅತ್ತೆ ಟ್ಯೂಷನ್ ಕೊಟ್ಟಿದ್ರು ಸಾರ್."

ನನ್ನ ಕತ್ತು ನೆಟ್ಟಗಾಯಿತು. ಅಲ್ಲಗಳೆಯುವುದಿಲ್ಲ. ಮನೆಗೆ ಬಂದ ಮೇಲೆ ಮಾತ್ರ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಏಪ್ರಿಲ್ 2, ಬೆಳಿಗ್ಗೆ, ಆಸ್ಪತ್ರೆಯ ಬೆಂಚು

ಬಾಗಿಲಾಚೆ ಯಜಮಾನರು. ಸೂಜಿ ಹಿರಿಯ ಡಾಕ್ಟರದು. ಅದಕ್ಕೆ ದಾರಿ ತೋರಿಸುವ ಸ್ಕ್ಯಾನ್ ಸೊಸೆಯ ಕೈಯಲ್ಲಿ. ಸ್ವಂತ ಮಾವನೆಂದು ಅವಳು ಹಿಂಜರಿದಳು. "ಆ ಜಾಗ ನಿನ್ನ ಕೈಗೇ ಸಿಗೋದು," ಎಂದರಂತೆ ಅವರು.

ಪಕ್ಕದ ಹೆಂಗಸು ಕೇಳಿದಳು: "ಒಳಗೆ ಹೋದ ಲೇಡಿ ಡಾಕ್ಟರ್ ನಿಮಗೆ ಗೊತ್ತಾ?"

"ನಮ್ಮ ಸೊಸೆ." ಧ್ವನಿ ತುಸು ಏರಿತು. ಕೊನೆಯ ಬೆಂಚಿನವರೂ ತಿರುಗಿ ನೋಡಿದರು. ನೋಡಲಿ.

ಹೊತ್ತಾಯಿತು. ಅಕ್ಷರ ಸೊಟ್ಟಗಾಗುತ್ತಿದೆ... ತಿದ್ದುವುದಿಲ್ಲ.

ಬಾಗಿಲು. ಸೊಸೆ ಬಂದಳು, ಬೆವರಿದ್ದಾಳೆ. "ಸುಟ್ಟಾಯ್ತು ಅತ್ತೆ. ತಿಂಗಳು ಬಿಟ್ಟು ಇನ್ನೊಂದು ಸಿಟಿ ಸ್ಕ್ಯಾನ್ ಮಾಡಿ ನೋಡ್ಬೇಕು. ಇವತ್ತಿಗೆ ಚೆನ್ನಾಗಿದೆ."

ಅವಳ ಹಿಂದಿನಿಂದ ಯಜಮಾನರ ಧ್ವನಿ: "ಯಾರಾದ್ರೂ ನನ್ನ ಕನ್ನಡಕ ಕೊಡ್ರಪ್ಪ, ಹೆಂಡತಿ ಮುಖ ನೋಡ್ಬೇಕು!"

ನನ್ನ ಚೀಲದಲ್ಲೇ ಇದೆ, ತರುತ್ತೇನೆ.