ಕೆಂಪು ಟೋಪಿ ಹಾಕಿದ ಹತ್ತಿ ಮೊಗ್ಗು

ಭಾವಯ್ಯಾ,

ಅಕ್ಕನ ಗಂಡನೆಂಬ ಸಲುಗೆಯಲ್ಲಿ ನಿನಗೆ ನೂರು ಟೋಪಿ ಹಾಕಿದ್ದೇನೆ. ಒಂದರ ಕಥೆ ಮಾತ್ರ ಕೇಳದೆ ಹೋಗಿಬಿಟ್ಟೆ.

ನೆನಪಿದೆಯಾ, ಜವನಗೊಂಡನಹಳ್ಳಿಯ ನಿನ್ನ ಬೀಜದ ಹತ್ತಿ ಹೊಲ? ನಾಳೆ ಅರಳುವ ಮೊಗ್ಗನ್ನು ನೀನು ಇವತ್ತು ಸಂಜೆಯೇ ಹಿಡಿದು, ಅದಕ್ಕೆಂದೇ ಬೆಳೆಸಿದ ಹೆಬ್ಬೆರಳ ಉಗುರಿನಿಂದ ಹೊಟ್ಟೆ ಸೀಳುತ್ತಿದ್ದೆ. ದಳ, ಗಂಡುಕೇಸರ ಎಲ್ಲ ಚರ್ಮ ಸುಲಿದಂತೆ ಕಿತ್ತು ಬರುತ್ತಿತ್ತು. ಉಳಿದ ಹೆಣ್ಣಿಗೆ ಕೆಂಪು ಕಾಗದದ ಟೋಪಿ. ಬೆಳಗ್ಗೆ ಟೋಪಿ ತೆಗೆದು ಬೇರೆ ತಳಿಯ ಪರಾಗ ಸವರಬೇಕು. ಒಂದು ಸಾಲು ತಪ್ಪಿದರೆ ಕಂಪನಿಯವರಿಂದ ಇಡೀ ಹೊಲದ ಬೀಜ ತಿರಸ್ಕಾರ.

ಬಬ್ಬೂರಿನ ಕೃಷಿ ಕೇಂದ್ರದ ಮೇಡಂ ಸೂಕ್ಷ್ಮದರ್ಶಕ ತಂದ ದಿನ... "ಕೇಸರದ ಚೀಲದೊಳಗೆ ಒಂದು ಕಣ ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತೆ. ಒಳಪದರ ತಾನೇ ಸತ್ತು ಅವಕ್ಕೆ ಊಟ ಆಗುತ್ತೆ. ಪರಾಗ ಬಲಿತ ಮೇಲೆ ಚೀಲ ಸಿಡಿಯುತ್ತೆ" ಅಂದರು.

"ಸಾಕಿದೋನ್ನ ತಿಂದೇ ದೊಡ್ಡೋವಾಗ್ತಾವೆ ಅನ್ರಿ. ನಮ್ ಕೆಂಚಿ ಇದ್ದಂಗೆ!" ಅಂದೆ ನೀನು.

ನಿನ್ನ ಮಗಳು ಕೆಂಚಿ ಬಿಡುತ್ತಾಳೆಯೇ? "ನಿನ್ನ ತಿಂದ್ರೆ ಹೊಟ್ಟೆನೋವು ಬರ್ತೈತೆ ಕಣಪ್ಪೋ!"

ಅದೇ ಸಂಜೆ ಕೆಂಚಿ ಮೊಗ್ಗು ಸುಲಿಯುತ್ತಿದ್ದ ಸಾಲಿನ ಕೊನೆಯಲ್ಲಿ, ಗಂಡು ಕೀಳದ ಮೊಗ್ಗುಗಳಿಗೆ ನಾನು ಕೆಂಪು ಟೋಪಿ ಹಾಕಿದೆ. ಬೆಳಗ್ಗೆ ನೀನು ತೆಗೆದಾಗ ಪರಾಗ ಸಿಡಿದು ಹಳದಿ ಹಳದಿ. ನಗುತ್ತೀಯ ಎಂದುಕೊಂಡಿದ್ದೆ. ನೀನು ಹತ್ತಿಕಟ್ಟಿಗೆ ಮುರಿದುಕೊಂಡೆ. ಅವಳ ಜಡೆ ಹಿಡಿದು ಸಾಲುದ್ದಕ್ಕೂ ಎಳೆದೆ.

"ಮನೆ ಹಾಳ್ ಮಾಡಿದ್ಯಲ್ಲೇ!"

"ನಾನಲ್ಲಪ್ಪೋ! ದೇವ್ರಾಣೆ ನಾನಲ್ಲ!"

ಕಟ್ಟಿಗೆಯ ಏಟಿಗೆ ಅವಳ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಪರಾಗ ಕಂಡು ನಗಲು ಬಂದ ನಾನು ಪರಾರಿಯಾದೆ. ಅವಳು ಮನೆ ಬಿಟ್ಟು ಹೊಸದುರ್ಗಕ್ಕೆ ಹೋದವಳು ನಿನ್ನ ಮಣ್ಣಿಗೂ ಬರಲಿಲ್ಲ.

ಹೋದ ವಾರ ಅವಳ ಮನೆಗೆ ಹೋಗಿ, ಆ ಟೋಪಿ ಹಾಕಿದ್ದು ನಾನೇ ಎಂದು ಹೇಳಿದೆ, ಭಾವ. ಒಂದೇ ಏಟಿಗೆ ನನ್ನ ಕೊನೆಯ ಮುಂಬಲ್ಲು ಅಂಗೈಗೆ ಬಂತು. ರುಬ್ಬುಗುಂಡು ಎತ್ತಿದಳು. ಹಾಗೇ ಇಳಿಸಿದಳು.

"ಅಪ್ಪ ಇದ್ದಾಗ ಯಾಕ್ ಬಾಯ್ ಬಿಡ್ಲಿಲ್ಲೋ ಮುದಿಯ?"

ನಾನು ಹಲ್ಲನ್ನು ಜೇಬಿಗೆ ಹಾಕಿಕೊಂಡೆ. ಅವಳೇ ಸೆರಗಲ್ಲಿ ನನ್ನ ಬಾಯಿ ಒರೆಸಿ, "ಅಪ್ಪನ್ನ ಎಲ್ಲಿ ಮಣ್ಣು ಮಾಡಿದ್ರಿ, ತೋರ್ಸು ನಡಿ" ಅಂದಳು.

ಸೋಮವಾರ ಅವಳನ್ನು ನಿನ್ನ ಸಮಾಧಿಗೆ ಕರೆದುಕೊಂಡು ಬರುತ್ತೇನೆ. ಅಲ್ಲಿ ನಿನ್ನೆದುರು ಅವಳು ಮತ್ತೆ ಕೈ ಎತ್ತಿದರೆ ಈ ಸಲ ಓಡುವುದಿಲ್ಲ. ನಿನ್ನ ಪಾಲಿನ ಏಟನ್ನೂ ನಾನೇ ತಿನ್ನುತ್ತೇನೆ.