ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ನಿಂತ ಸ್ಕೂಟರ್

ತ್ಯಾಗರಾಜನಗರ
22 ನವೆಂಬರ್ 1964, ಭಾನುವಾರ

ಸ್ಕೂಟರ್ ಇವತ್ತೂ ಕೈಕೊಟ್ಟಿತು. ಕೋಣನಕುಂಟೆಯ ಚಿಕ್ಕಮ್ಮನ ಮನೆಯಿಂದ ಬರುತ್ತಾ ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ನಿಂತೇಹೋಯಿತು. ಇವರು ಚೋಕ್ ಎಳೆದು ಕಿಕ್ ಹೊಡೆದೇ ಹೊಡೆದರು. ಬೆವರಿಳಿದರೂ ಒಂದು ಮಾತಿಲ್ಲ. ಮದುವೆಯಾಗಿ ಆರು ತಿಂಗಳಾದರೂ ನಮ್ಮಿಬ್ಬರದು ಊಟ, ಕಾಫಿ, ಬೀಗದ ಕೈ ಇಷ್ಟರದೇ ಮಾತು.

ಪೆಟ್ರೋಲ್ ವಾಸನೆ ಜೋರಾಗಿ ಬಂತು. ಅಪ್ಪನ ಮೋಟಾರ್ ಸೈಕಲ್ಲೂ ಹೀಗೇ ಹಟ ಮಾಡುತ್ತಿತ್ತು. ಧೈರ್ಯ ಮಾಡಿ ಹೇಳಿದೆ.

"ಸ್ಪಾರ್ಕ್ ಪ್ಲಗ್ ಪೆಟ್ರೋಲಿಗೆ ನೆಂದಿರ್ಬೇಕು ರೀ. ಬಿಚ್ಚಿ ಒರೆಸಿ, ಸ್ವಲ್ಪ ಹೊತ್ತು ಹಾಗೇ ಬಿಡಿ."

ಬಿಚ್ಚಿದರು. ಒದ್ದೆಯಾಗಿತ್ತು. ನನ್ನನ್ನು ಮೊದಲ ಸಲ ಕಂಡವರಂತೆ ನೋಡಿದರು.

"ಇದೆಲ್ಲಾ ಎಲ್ಲಿ ಕಲ್ತೆ?"

ಪ್ಲಗ್ ಆರುವವರೆಗೆ ಹುಲ್ಲಿನ ಮೇಲೆ ಕೂತೆವು. ನೀರಿನಲ್ಲಿ ಸಂಜೆ ನಿಧಾನವಾಗಿ ಕರಗುತ್ತಿತ್ತು. ಅಪ್ಪನ ಜೊತೆ ರಿಪೇರಿಗೆ ಕೂರುತ್ತಿದ್ದುದು, ಫಿಜಿಕ್ಸ್ ಮೇಲಿನ ಆಸೆ, ಮದುವೆಗೆಂದು ಬಿ.ಎಸ್‌ಸಿ. ಅರ್ಧಕ್ಕೆ ಬಿಟ್ಟದ್ದು, ಎಲ್ಲವನ್ನೂ ಕನಸಿನಲ್ಲಿ ಮಾತಾಡಿದ ಹಾಗೆ ಹೇಳಿಬಿಟ್ಟೆ.

"ಯಾರೂ ನನಗೆ ಹೇಳ್ಲೇ ಇಲ್ವಲ್ಲ," ಅಂದರು. "ಜೂನ್‌ಗೆ ಸೇರ್ಕೋ. ಅಮ್ಮನ ಹತ್ರ ನಾನು ಮಾತಾಡ್ತೀನಿ."

ಆಮೇಲೆ ಒಂದೇ ಕಿಕ್‌ಗೆ ಗಾಡಿ ಶುರುವಾಯಿತು. ಇನ್ನೊಂದು ಗಳಿಗೆ ತಡವಾಗಬಾರದಿತ್ತೇ ಅನ್ನಿಸಿತು.

ಈಗ ನಡುಮನೆಯಲ್ಲಿ ಇವರ ಮೆಲುದನಿ. ನನ್ನ ಹೆಸರು ಬಂತು, ಕಾಲೇಜಿನ ಮಾತು ಬಂತು. ಕೊನೆಗೆ ಅತ್ತೆಯ ದನಿ ಕೇಳಿಸಿತು.

"ಹಾಗಾದ್ರೆ ಬೆಳಗಿನ ಅಡುಗೆ ನಾನು ನೋಡ್ಕೋತೀನಿ ಬಿಡು."

ನಾಳೆ ಟ್ರಂಕಿನ ತಳದಿಂದ ಪುಸ್ತಕಗಳನ್ನು ತೆಗೆದು ಬಿಸಿಲಿಗಿಟ್ಟು, ಒಂದೊಂದನ್ನೇ ಒರೆಸಿ ಇಡಬೇಕು.