ಮೈಕು ಚೆನ್ನಾಗಿರಲಿ

ತಮ್ಮಾ,

ಗಂಟಲು ಉಳಿಸಿಕೋ ಅಂದಿದ್ದಾರೆ, ಅದಕ್ಕೇ ಫೋನ್ ಮಾಡದೆ ಡ್ರೈವರಣ್ಣನ ಕೈಲಿ ಈ ಕಾಗದ ಕಳಿಸ್ತಿದ್ದೀನಿ.

ಯಾವ ಲ್ಯಾಪ್‌ಟಾಪ್ ಬೇಕು ಅಂತ ಕೇಳಿದ್ದೆಯಲ್ಲ. ಗೇಮು, ಸಿನಿಮಾ ನನಗ್ಯಾಕೆ? ಹಳೇದಾದರೂ ಪರವಾಗಿಲ್ಲ. ಅಕ್ಷರ ದೊಡ್ಡದಾಗಿ ಕಾಣಬೇಕು, ಮೈಕು ಚೆನ್ನಾಗಿರಬೇಕು.

ಶುಕ್ರವಾರ ಆಪರೇಷನ್ ಆದಮೇಲೆ ಮಾತು ಬರಲ್ಲ ಅಂತ ಡಾಕ್ಟರು ಹೇಳಿಯೇಬಿಟ್ಟರು. ಟೈಪ್ ಮಾಡಿದ್ದನ್ನ ಲ್ಯಾಪ್‌ಟಾಪೇ ಓದಿ ಹೇಳುತ್ತಂತೆ. ಮಗಳ ಫೋನಿನಲ್ಲಿ ಅಂಥದ್ದೊಂದು ದನಿ ಕೇಳಿದೆ ಕಣೋ. "ಎದ್ದೇಳೇ ಸೋಂಬೇರಿ" ಅಂತ ಬರೆದರೆ ವಾರ್ತೆ ಓದಿದ ಹಾಗೆ ಹೇಳಿತು. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೊದಲೇ ನನ್ನ ದನಿ ತುಂಬಿಸಿಟ್ಟರೆ ಅದು ನನ್ನ ದನಿಯಲ್ಲೇ ಮಾತಾಡುತ್ತಂತೆ, ನರ್ಸಮ್ಮ ಹೇಳಿದರು. ಕಂಡಕ್ಟರಾಗಿ ಇಷ್ಟು ವರ್ಷ "ಒಳಗೆ ಹೋಗಿ, ಒಳಗೆ ಹೋಗಿ" ಅಂತ ಸುರಿದ ದನಿಯಲ್ಲಿ ಒಂದು ಬೊಗಸೆಯಾದರೂ ಎತ್ತಿಡಬೇಕಿತ್ತು.

ನನಗೇನೂ ಹೆದರಿಕೆಯಿಲ್ಲ. ಅಕ್ಷರ ಸೊಟ್ಟಗಿದ್ದರೆ ಬಸ್ಸಿನಲ್ಲಿ ಕೂತು ಬರೆದದ್ದಕ್ಕೆ. ಬಸ್ಸು ಡಿಪೋದಲ್ಲಿ ನಿಂತೇ ಇದೆ, ಅದು ಬೇರೆ ಮಾತು.

ಅಮ್ಮನಿಗೆ ಸದ್ಯಕ್ಕೆ ನೆಗಡಿ ಅಂತಲೇ ಹೇಳು.

ಶನಿವಾರ ಬಂದರೆ ರಿಯಾಯಿತಿ ಕೊಡ್ತೀನಿ ಅಂದನಂತಲ್ಲ ಅಂಗಡಿಯವನು. ಬೇಡ ಕಣೋ. ಬುಧವಾರವೇ ತಂದುಬಿಡು. ಶನಿವಾರ ತಂದರೆ ಅದಕ್ಕೆ ತುಂಬಿಸೋಕೆ ನನ್ನ ಹತ್ತಿರ ಏನೂ ಇರಲ್ಲ.

ನಿನ್ನ ಬಾಯಿಬಡುಕಿ ಅಕ್ಕ